ಒಳಚರಂಡಿಯಿಲ್ಲದ ಶೀತಕಾಲದ ಬಿಡಾರ: ವಾಸವಾಹನಗಳ ಮಲಿನಜಲ ನಿರ್ವಹಣೆ

ಅಡುಗೆ, ಸ್ನಾನ, ಶೌಚ, ನಿದ್ರೆ ಇವೆಲ್ಲಕ್ಕೂ ಎಡೆಯಿರುವಂತೆ ಚಕ್ರಗಳ ಮೇಲೆ ಕಟ್ಟಿದ ಮನೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 'ಆರ್.ವಿ.' ಎಂದು ಕರೆಯುತ್ತಾರೆ. ಅದನ್ನು ನಾವು ಇಲ್ಲಿ ವಾಸವಾಹನವೆಂದು ಕರೆಯುವೆವು. ಬಹುಮಂದಿ ಇದನ್ನು ವಿಹಾರಕ್ಕೆ ಬಳಸುವರಾದರೂ, ಇಡಿಯ ಚಳಿಗಾಲವನ್ನು ಇದರಲ್ಲಿಯೇ ಕಳೆಯುವವರೂ ಉಂಟು. ಅರಿಜೋನ ಸಂಸ್ಥಾನದ ಕ್ವಾರ್ಟ್‌ಸೈಟ್ ಊರಿನ ಬಳಿ ಲಾ ಪೋಸ ಎಂಬ ಮರುಭೂಮಿ ಪ್ರದೇಶವಿದೆ. ಅಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬಿಡಾರ ಹೂಡಲು ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯು ಅನುಮತಿ ನೀಡುತ್ತದೆ. ಇದಕ್ಕೆ ವ್ಯತಿರಿಕ್ತವಾದುದು ಉತ್ತರ ಡಕೋಟ ಸಂಸ್ಥಾನದ ಬ್ಯಾಕೆನ್ ತೈಲಪ್ರದೇಶ. 2008ರ ನಂತರದ ವರ್ಷಗಳಲ್ಲಿ ದುಡಿಮೆಗಾಗಿ ಅಲ್ಲಿಗೆ ಬಂದವರಲ್ಲಿ ಅನೇಕರು ಬಾಡಿಗೆಗೆ ಮನೆ ದೊರೆಯದೆ, ನೀರು ಕಲ್ಲಾಗುವ ಚಳಿಯನ್ನು ವಾಸವಾಹನಗಳಲ್ಲಿಯೇ ಎದುರಿಸಬೇಕಾಯಿತು. ಮೊದಲಿನವರಿಗೆ ಇದು ಆಯ್ಕೆ, ಎರಡನೆಯವರಿಗೆ ಅನಿವಾರ್ಯ. ಇಬ್ಬರಿಗೂ ಸಮಾನವಾದ ಪ್ರಶ್ನೆ ಒಂದೇ: ನಿಂತ ನೆಲದಲ್ಲಿ ಒಳಚರಂಡಿಯಿಲ್ಲದಿರುವಾಗ ದಿನದಿನದ ಮಲಿನಜಲವನ್ನು ಏನು ಮಾಡುವುದು?

1. ತೊಟ್ಟಿಗಳ ವ್ಯವಸ್ಥೆ

ವಾಸವಾಹನದಲ್ಲಿ ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ. ಒಂದು ಶುದ್ಧಜಲಕ್ಕೆ, ಎರಡನೆಯದು ಸ್ನಾನದ ಹಾಗೂ ಪಾತ್ರೆ ತೊಳೆದ ಬಚ್ಚಲುನೀರಿಗೆ, ಮೂರನೆಯದು ಶೌಚದ ಮಲಜಲಕ್ಕೆ. ಕೊನೆಯ ಎರಡೂ ವಾಹನದ ತಳದಲ್ಲಿದ್ದು, ಪ್ರತ್ಯೇಕ ಕವಾಟಗಳ ಮೂಲಕ ಒಂದೇ ನಿರ್ಗಮ ಕೊಳವೆಯನ್ನು ಸೇರುತ್ತವೆ. ಮನೆಯ ಹಿತ್ತಿಲಿನಲ್ಲಿರುವ ಸೆಪ್ಟಿಕ್ ತೊಟ್ಟಿಗೂ ಇವಕ್ಕೂ ಮೂಲಭೂತವಾದ ಭೇದವಿದೆ. ಸೆಪ್ಟಿಕ್ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಮಲವನ್ನು ಭಾಗಶಃ ಜೀರ್ಣಿಸುತ್ತವೆ. ಉಳಿದ ದ್ರವವು ನೆಲಕ್ಕೆ ಇಂಗುತ್ತದೆ. ವಾಹನದ ತೊಟ್ಟಿಯಾದರೋ ಕೇವಲ ಸಂಗ್ರಹಪಾತ್ರೆ. ಸೂಕ್ಷ್ಮಜೀವಿಗಳ ಚಟುವಟಿಕೆಯು ಉಷ್ಣತೆ ಹತ್ತು ಡಿಗ್ರಿ ಇಳಿದಂತೆ ಸುಮಾರು ಅರ್ಧಕ್ಕೆ ಕುಗ್ಗುವುದರಿಂದ, ಚಳಿಗಾಲದಲ್ಲಿ ಅಲ್ಲಿ ಜೀರ್ಣಕ್ರಿಯೆ ನಡೆಯುವುದೆಂದು ನೆಚ್ಚುವಂತಿಲ್ಲ. ಒಳಗೆ ಹೋದಷ್ಟೂ ಹೊರಗೆ ಬರಲೇಬೇಕು. ಆದುದರಿಂದ ಈ ಸಮಸ್ಯೆಯು ಮೊದಲಿಗೆ ಲೆಕ್ಕದ ಸಮಸ್ಯೆಯಾಗಿದೆ.

2. ದಿನದ ಲೆಕ್ಕ

ಎರಡು ತೊಟ್ಟಿಗಳೂ ತಲಾ 40 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 150 ಲೀಟರ್ ಹಿಡಿಯುವುವೆಂದೂ ವಾಹನದಲ್ಲಿ ಇಬ್ಬರಿರುವರೆಂದೂ ಭಾವಿಸೋಣ. ಶೌಚಕ್ಕೆ ಒಬ್ಬರು ದಿನಕ್ಕೆ ಐದು ಬಾರಿ ಒಂದೊಂದು ಲೀಟರ್ ನೀರನ್ನು ಬಳಸಿದರೆ 10 ಲೀಟರ್. ಮಲಮೂತ್ರಗಳು ಸುಮಾರು 4 ಲೀಟರ್. ಒಟ್ಟು 14 ಲೀಟರ್. ಬಚ್ಚಲುನೀರಿನ ಕಡೆ, ಮೈ ನೆನೆಸಿ ನಲ್ಲಿ ನಿಲ್ಲಿಸಿ, ಸಾಬೂನು ಹಚ್ಚಿ ಮತ್ತೆ ತೊಳೆದುಕೊಳ್ಳುವ ಮಿತವ್ಯಯದ ಸ್ನಾನಕ್ಕೆ 13 ಲೀಟರ್ ಬೇಕೆನ್ನೋಣ. ದಿನ ಬಿಟ್ಟು ದಿನ ಸ್ನಾನ ಮಾಡುವ ಇಬ್ಬರಿಗೆ ದಿನದ ಸರಾಸರಿಯೂ 13 ಲೀಟರೇ ಆಗುತ್ತದೆ. ಪಾತ್ರೆ, ಕೈ, ಮುಖಗಳಿಗೆ ಇನ್ನು 13 ಸೇರಿದರೆ ಒಟ್ಟು 26 ಲೀಟರ್.

ಈ ಲೆಕ್ಕದಂತೆ ಮಲಜಲದ ತೊಟ್ಟಿ ಹತ್ತು ದಿನ ತಾಳಿದರೆ, ಬಚ್ಚಲುನೀರಿನ ತೊಟ್ಟಿಯು ಆರು ದಿನಗಳೊಳಗೆ ತುಂಬುತ್ತದೆ. ಹೊಸಬರು ಅಂಜುವುದು ಮಲಜಲಕ್ಕೆ. ಬಿಡಾರದ ಅವಧಿಯನ್ನು ನಿರ್ಣಯಿಸುವುದು ಬಚ್ಚಲುನೀರು. ಪರಿಹಾರವೂ ಇಲ್ಲಿಯೇ ಅಡಗಿದೆ. ಪಾತ್ರೆಗಳನ್ನು ಬೋಗುಣಿಯಲ್ಲಿ ತೊಳೆದು, ಆ ನೀರನ್ನೇ ಶೌಚಕ್ಕೆ ಬಳಸಿದರೆ, ಹತ್ತು ಲೀಟರ್ ಶುದ್ಧಜಲ ಉಳಿಯುವುದಲ್ಲದೆ ಬಚ್ಚಲುನೀರು 26ರಿಂದ 16 ಲೀಟರಿಗೆ ಇಳಿಯುತ್ತದೆ. ಮಲಜಲದ ಪ್ರಮಾಣ ಏರುವುದಿಲ್ಲ. ಎರಡೂ ತೊಟ್ಟಿಗಳು ಒಂಬತ್ತು ಹತ್ತು ದಿನಗಳಲ್ಲಿ ಹೆಚ್ಚುಕಡಮೆ ಒಟ್ಟಿಗೇ ತುಂಬುವುವು. ಲಾ ಪೋಸದ ಏಳು ತಿಂಗಳ ಅವಧಿಗೆ ಅನ್ವಯಿಸಿದರೆ, ಮೂವತ್ತೇಳು ಬಾರಿ ಬರಿದು ಮಾಡಬೇಕಾದಲ್ಲಿ ಇಪ್ಪತ್ತಮೂರು ಬಾರಿ ಸಾಕು.

3. ಚಳಿಯ ಪರಿಣಾಮ

ಅರಿಜೋನದಲ್ಲಿ ಇಷ್ಟು ಎಚ್ಚರ ಸಾಕಾದೀತು. ಉತ್ತರ ಡಕೋಟದಲ್ಲಿ ಸಾಲದು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗಿ ಕೊಳವೆ, ಕವಾಟಗಳು ಒಡೆಯುತ್ತವೆ. ಮೂತ್ರದಲ್ಲಿನ ಲವಣಗಳು ಘನೀಭವನದ ಬಿಂದುವನ್ನು ಒಂದು ಡಿಗ್ರಿಯಷ್ಟು ಇಳಿಸಬಹುದು, ಅದರಿಂದ ರಕ್ಷಣೆಯಿಲ್ಲ. ನಿಜವಾದ ರಕ್ಷಣೆ ಗುಪ್ತೋಷ್ಣದಲ್ಲಿದೆ. 150 ಲೀಟರ್ ನೀರು 20 ಡಿಗ್ರಿಯಿಂದ ಸೊನ್ನೆಗೆ ಇಳಿಯಲು 3,000 ಕಿಲೋಕ್ಯಾಲೊರಿ ಶಾಖವನ್ನು ಕಳೆದುಕೊಂಡರೆ, ಅಲ್ಲಿಂದ ಪೂರ್ತಿ ಗಡ್ಡೆಕಟ್ಟಲು ಇನ್ನೂ 12,000 ಕಿಲೋಕ್ಯಾಲೊರಿ ಕಳೆದುಕೊಳ್ಳಬೇಕು. ಹೀಗಾಗಿ ತುಂಬಿದ ತೊಟ್ಟಿಯು ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಆದರೆ ಒಂದು ಮೀಟರ್ ಉದ್ದದ, 75 ಮಿಲಿಮೀಟರ್ ವ್ಯಾಸದ ನಿರ್ಗಮ ಕೊಳವೆಯಲ್ಲಿ ನಿಲ್ಲುವ ನೀರು ನಾಲ್ಕೂವರೆ ಲೀಟರಿಗಿಂತ ಕಡಮೆ. ಅದರ ಹೊರಮೈಯಾದರೋ ಲೀಟರೊಂದಕ್ಕೆ ತೊಟ್ಟಿಗಿಂತ ಮೂರುನಾಲ್ಕು ಪಾಲು ಹೆಚ್ಚು. ಮೊದಲು ಹೆಪ್ಪುಗಟ್ಟುವುದು ಇದೇ.

ಇದರಿಂದ ಒಂದು ಮುಖ್ಯ ನಿಯಮ ಸಿದ್ಧಿಸುತ್ತದೆ: ಕವಾಟಗಳನ್ನು ಮುಚ್ಚಿಯೇ ಇಟ್ಟು, ತೊಟ್ಟಿ ಮುಕ್ಕಾಲು ತುಂಬಿದ ಮೇಲೆ ಒಮ್ಮೆಗೇ ತೆರೆಯಬೇಕು. ತೆರೆದಿಟ್ಟರೆ ತೊಟ್ಟಿಕ್ಕುವ ನೀರು ಕೊಳವೆಯಲ್ಲಿ ಪದರ ಪದರವಾಗಿ ಗಡ್ಡೆಕಟ್ಟುತ್ತದೆ. ಅಷ್ಟೇ ಅಲ್ಲದೆ ಮಲಜಲದ ತೊಟ್ಟಿಯಲ್ಲಿ ದ್ರವವು ಹರಿದುಹೋಗಿ, ಘನವಸ್ತು ಗುಡ್ಡೆಯಾಗಿ ಉಳಿಯುತ್ತದೆ. ಬರಿದಾದ ಬಳಿಕ ತಳದಲ್ಲಿ ಹತ್ತು ಲೀಟರಿನಷ್ಟು ನೀರು ನಿಲ್ಲಿಸುವುದೂ ಇದೇ ಕಾರಣಕ್ಕಾಗಿ. ಮೊದಲು ಮಲಜಲವನ್ನು ಬಿಟ್ಟು ಅನಂತರ ಬಚ್ಚಲುನೀರನ್ನು ಬಿಟ್ಟರೆ ಕೊಳವೆ ತಾನಾಗಿ ತೊಳೆದುಹೋಗುತ್ತದೆ.

ವಾಹನದ ಕೆಳಗಿನ ತೆರಪನ್ನು ನೊರೆಹಲಗೆಗಳಿಂದ ಸುತ್ತಲೂ ಮುಚ್ಚಿದರೆ ಗಾಳಿ ತಡೆಯಲ್ಪಟ್ಟು, ನೆಲದ ಮತ್ತು ಮನೆಯ ಶಾಖ ಅಲ್ಲಿಯೇ ಉಳಿಯುತ್ತದೆ. ಆದರೆ ಆ ತೆರಪಿನಲ್ಲಿ ಅನಿಲದ ಒಲೆ ಉರಿಸುವುದು ಪ್ರಾಣಾಪಾಯಕರ. ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆಯೇ ಒಳಗೆ ನುಸುಳಬಲ್ಲುದು. ಕವಾಟದ ಬಳಿ ಹೆಪ್ಪುರೋಧಕ ಬೇಕಾದರೆ ಪ್ರೊಪಿಲೀನ್ ಗ್ಲೈಕಾಲ್ ಬಳಸಬಹುದು. ಮೋಟಾರಿನ ಎಥಿಲೀನ್ ಗ್ಲೈಕಾಲ್ ವಿಷ.

4. ವಿಸರ್ಜನೆ

ತುಂಬಿದ ತೊಟ್ಟಿಗೆ ಮೂರು ಮಾರ್ಗಗಳಿವೆ: ವಾಹನವನ್ನೇ ವಿಸರ್ಜನ ಕೇಂದ್ರಕ್ಕೆ ಒಯ್ಯುವುದು, ಚಕ್ರವುಳ್ಳ ಚಿಕ್ಕ ತೊಟ್ಟಿಗೆ ಇಳಿಸಿ ಸಾಗಿಸುವುದು, ಹೀರುವ ಲಾರಿಯನ್ನು ಕರೆಸುವುದು. ಸುತ್ತಲೂ ಮುಚ್ಚಿ ನಿಲ್ಲಿಸಿದ ವಾಹನಕ್ಕೆ ಮೊದಲನೆಯದು ಕಷ್ಟ. ಎರಡನೆಯದು ಅಗ್ಗವಾದರೂ, 100 ಲೀಟರಿಗೆ 100 ಕಿಲೋಗ್ರಾಂ ಭಾರವೆಂಬುದನ್ನು ಮಂಜು ಕವಿದ ನೆಲದಲ್ಲಿ ಮರೆಯಲಾಗದು. ಶೀತಪ್ರದೇಶದ ಅನೇಕ ವಿಸರ್ಜನ ಕೇಂದ್ರಗಳು ಚಳಿಗಾಲದಲ್ಲಿ ಮುಚ್ಚುವುದರಿಂದ, ಲಾರಿಯ ಏರ್ಪಾಟನ್ನು ಮುಂಚಿತವಾಗಿಯೇ ಮಾಡಿಕೊಳ್ಳುವುದು ಲೇಸು.

ದುರ್ಗಂಧ ನಿವಾರಣೆಗೆ ಫಾರ್ಮಾಲ್ಡಿಹೈಡ್ ಮುಂತಾದವುಗಳನ್ನು ಸುರಿಯುವ ವಾಡಿಕೆಯನ್ನು ಬಿಡತಕ್ಕದ್ದು. ಅದು ವಿಸರ್ಜನ ಕೇಂದ್ರದ ಸೆಪ್ಟಿಕ್ ತೊಟ್ಟಿಯನ್ನು ಸೇರಿ, ಅಲ್ಲಿ ಶುದ್ಧೀಕರಣ ನಡೆಸಬೇಕಾದ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ.

ಮಲಜಲವನ್ನು ನೆಲಕ್ಕೆ ಬಿಡುವುದನ್ನು ಕಾನೂನು ನಿಷೇಧಿಸುತ್ತದೆ. ಬಚ್ಚಲುನೀರಿನ ನಿಯಮಗಳು ಸ್ಥಳದಿಂದ ಸ್ಥಳಕ್ಕೆ ಭಿನ್ನ. ನಿಷೇಧದ ಹಿಂದಿನ ಕಾರಣ ಚಳಿಗಾಲದಲ್ಲಿ ಇನ್ನೂ ಬಲವಾಗುತ್ತದೆ. ಹೆಪ್ಪುಗಟ್ಟಿದ ಮಣ್ಣು ನೀರನ್ನು ಹೀರದು. ರೋಗಾಣುಗಳು ಚಳಿಯಲ್ಲಿ ಬೇಗ ಸಾಯವು. ವಸಂತದಲ್ಲಿ ಹಿಮ ಕರಗಿದಾಗ ತಿಂಗಳುಗಳ ಕೊಳೆಯೆಲ್ಲ ಒಮ್ಮೆಗೇ ಹಳ್ಳಕೊಳ್ಳಗಳನ್ನು ಸೇರುತ್ತದೆ. ಯಾರಿಗೂ ಕಾಣದೆ ಚೆಲ್ಲಿದ್ದನ್ನು ಕೆಳಗಿನ ಊರಿನವರು ಕುಡಿಯಬೇಕಾಗುತ್ತದೆ.

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವಿದು. ಒಳಚರಂಡಿ ಇರುವಲ್ಲಿ ಮನುಷ್ಯನು ನೀರನ್ನು ಬಳಸಿ ಮರೆಯುತ್ತಾನೆ. ಇಲ್ಲದಿರುವಲ್ಲಿ ಬಳಸುವ ಮುನ್ನವೇ ಅದರ ಕೊನೆಯನ್ನು ಲೆಕ್ಕ ಹಾಕಬೇಕಾಗುತ್ತದೆ. ಔಷಧಿ, ಯಂತ್ರಗಳಿಗಿಂತ ಮೊದಲು ಬೇಕಾದುದು ಈ ಲೆಕ್ಕವೇ. ನಮ್ಮ ನಾಡಿನಲ್ಲಿ ಒಳಚರಂಡಿ ತಲಪದ ಬಡಾವಣೆಗಳ ಮಲಗುಂಡಿಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳೂ, ದಿನಕ್ಕೆ ಎಷ್ಟು ಲೀಟರ್ ಎಂಬ ಪ್ರಶ್ನೆಯಿಂದಲೇ ತಮ್ಮ ಕೆಲಸವನ್ನು ಆರಂಭಿಸಬಹುದು.