ಹೆಬ್ಬೆರಳಿನ ನೋವು, ಭುಜದ ನೋವು

'ದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ವೈದ್ಯಲೋಕದ ಅತ್ಯಂತ ಗಂಭೀರ ಪತ್ರಿಕೆಗಳಲ್ಲೊಂದು. ಹೃದ್ರೋಗ, ಕ್ಯಾನ್ಸರ್, ಸೋಂಕುಗಳ ಕುರಿತ ದೊಡ್ಡ ಅಧ್ಯಯನಗಳ ಹಿಂದೆ, ಅದರ ಪತ್ರಗಳ ವಿಭಾಗದಲ್ಲಿ, ಆಗೊಮ್ಮೆ ಈಗೊಮ್ಮೆ ಮುಗುಳ್ನಗೆ ತರಿಸುವ ಬರಹಗಳೂ ಅಚ್ಚಾಗುವುದುಂಟು. 1990ರಲ್ಲಿ ರಿಚರ್ಡ್ ಬ್ರೇಸಿಂಗ್ಟನ್ ಎಂಬ ವೈದ್ಯರು ಅಂಥದೊಂದು ಪತ್ರ ಬರೆದರು. 35 ವರ್ಷದ ಮಹಿಳೆಯೊಬ್ಬರು ಐದು ಗಂಟೆಗಳ ಕಾಲ ಬಿಡುವಿಲ್ಲದೆ ವಿಡಿಯೊ ಗೇಮ್ ಆಡಿ, ಗುಂಡಿ ಒತ್ತಿ ಒತ್ತಿ ಹೆಬ್ಬೆರಳಿನ ಸ್ನಾಯುರಜ್ಜು ನೋಯಿಸಿಕೊಂಡಿದ್ದರು. ವೈದ್ಯರು ಅದಕ್ಕಿಟ್ಟ ಹೆಸರು 'ನಿಂಟೆಂಡಿನೈಟಿಸ್'. ಹದಿನೇಳು ವರ್ಷಗಳ ತರುವಾಯ, 2007ರಲ್ಲಿ, ಅದೇ ಪತ್ರಿಕೆಯಲ್ಲಿ ಸ್ಪೇನಿನ ವೈದ್ಯ ಹೂಲಿಯೊ ಬೋನಿಸ್ ಇನ್ನೊಂದು ಪತ್ರ ಪ್ರಕಟಿಸಿದರು. 29 ವರ್ಷದ ಕಿರಿಯ ವೈದ್ಯನೊಬ್ಬ ಭಾನುವಾರ ಬೆಳಿಗ್ಗೆ ಬಲಭುಜದ ತೀವ್ರ ನೋವಿನಿಂದ ಎಚ್ಚೆತ್ತ. ಹಿಂದಿನ ದಿನ ಅವನು ಗಂಟೆಗಟ್ಟಲೆ ಟೆನಿಸ್ ಆಡಿದ್ದ, ಮೈದಾನದಲ್ಲಲ್ಲ, ಟಿ.ವಿ.ಯ ಮುಂದೆ. ಈ ಸಲದ ಕಾಯಿಲೆಯ ಹೆಸರು 'ವೀ-ಐಟಿಸ್'.

ನೋವು ಹೆಬ್ಬೆರಳಿನಿಂದ ಭುಜಕ್ಕೆ ಏರಿದ ಈ ಹದಿನೇಳು ವರ್ಷಗಳಲ್ಲಿ ನಡೆದದ್ದೇನು? ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪಾರ್ಶ್ವವಾಯು ಪೀಡಿತರ ಪುನಶ್ಚೇತನವನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಪ್ರಶ್ನೆ ಬರಿಯ ಆಟದ ಪ್ರಶ್ನೆಯಾಗಿ ಉಳಿಯಲಿಲ್ಲ.

ಗುಂಡಿಯ ಯುಗದ ಮುಖ್ಯ ಶಿಲ್ಪಿ ಜಪಾನಿನ ನಿಂಟೆಂಡೊ ಕಂಪನಿಯ ಗುನ್ಪೇ ಯೊಕೊಯಿ. 1982ರಲ್ಲಿ ಅಂಗೈಯಗಲದ ಒಂದು ಆಟಿಕೆಗಾಗಿ ಅವರು ರೂಪಿಸಿದ ಅಧಿಕ ಚಿಹ್ನೆಯಾಕಾರದ ಗುಂಡಿಯ ಮೇಲೆ ಎಡ ಹೆಬ್ಬೆರಳು ಕುಳಿತರೆ ನಾಲ್ಕು ದಿಕ್ಕುಗಳೂ ಕೈವಶ. ಬಲ ಹೆಬ್ಬೆರಳಿಗೆ ಮೊದಲು ಎರಡು ಗುಂಡಿಗಳಿದ್ದವು, ಬಳಿಕ ನಾಲ್ಕಾದವು. ತೋರುಬೆರಳುಗಳಿಗೂ ಕೆಲಸ ಬಂತು. ಪುಟ್ಟ ಅಣಬೆಯಂಥ ಕಡ್ಡಿಗಳು ಸೇರಿಕೊಂಡವು. ಎರಡು ದಶಕಗಳಲ್ಲಿ ಕಂಟ್ರೋಲರ್ ಎಂಬುದು ಚಿಕ್ಕಂದಿನಿಂದ ರೂಢಿಯಿದ್ದವರಿಗಷ್ಟೇ ಒಲಿಯುವ ವಾದ್ಯವಾಗಿಬಿಟ್ಟಿತು. 2006ರ ಕೊನೆಯಲ್ಲಿ ಅದೇ ನಿಂಟೆಂಡೊ 'ವೀ' ಎಂಬ ಯಂತ್ರವನ್ನು ಹೊರತಂದು, ಆಟವನ್ನೇ ಆಡದವರ ಕೈಗೆ ಟಿ.ವಿ. ರಿಮೋಟಿನಂಥ ಬಿಳಿಯ ಕೋಲೊಂದನ್ನು ಕೊಟ್ಟಿತು. ಬೀಸಿದರೆ ಟೆನಿಸ್, ಉರುಳಿಸಿದಂತೆ ಮಾಡಿದರೆ ಬೌಲಿಂಗ್. ಜಗತ್ತಿನಾದ್ಯಂತ ಹತ್ತು ಕೋಟಿಗೂ ಮೀರಿ ವೀ ಯಂತ್ರಗಳು ಮಾರಾಟವಾದವು. ಬೀಸಿದ ರಭಸಕ್ಕೆ ಮಣಿಕಟ್ಟಿನ ದಾರ ಹರಿದು ರಿಮೋಟ್ ಹಾರಿಹೋದ ದೂರುಗಳು ಬಂದು, ಬಿಡುಗಡೆಯಾದ ತಿಂಗಳೊಳಗೆ ಕಂಪನಿ ಸುಮಾರು 32 ಲಕ್ಷ ದಾರಗಳನ್ನು ಬದಲಾಯಿಸಿಕೊಡಬೇಕಾಯಿತು.

ಆ ಚಳಿಗಾಲದ ಮರುವರ್ಷ ನನ್ನ ತಾಯಿ ದಾವಣಗೆರೆಯಿಂದ ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಇಲ್ಲಿಗೆ ಬಂದುಹೋದ ಹಿರಿಯರಿಗೆ ಡಿಸೆಂಬರ್ ಎಂದರೇನೆಂದು ಗೊತ್ತು: ಮಧ್ಯಾಹ್ನ ನಾಲ್ಕಕ್ಕೆ ಕತ್ತಲೆ, ಬೀದಿಯಲ್ಲಿ ಮಾತಿಗೆ ಸಿಗುವವರಿಲ್ಲ, ಮಗ-ಸೊಸೆ ಕೆಲಸದಿಂದ ಬರುವ ತನಕ ಮೊಮ್ಮಗನೇ ಗತಿ. ನನ್ನ ಮಗನಿಗಾಗ ಎಂಟು ವರ್ಷ. ಅವನ ಕನ್ನಡ ಅರ್ಥವಾಗುವಷ್ಟಿತ್ತು, ಆಡುವಷ್ಟಿರಲಿಲ್ಲ. ತನ್ನ ಹಳೆಯ ಯಂತ್ರದ ಕಂಟ್ರೋಲರನ್ನು ಅವನು ಅಜ್ಜಿಯ ಕೈಗಿತ್ತಾಗ ಅವರು ತಿರುಗಿಸಿ ಮುರುಗಿಸಿ ನೋಡಿ, "ಇದೇನೋ ಹಾರ್ಮೋನಿಯಂ ಇದ್ದ ಹಾಗಿದೆ, ಯಾವ ಮನೆ ಒತ್ತಿದರೆ ಯಾವ ಸ್ವರವೋ!" ಎಂದು ಹಿಂದಿರುಗಿಸಿದ್ದರು. ವೀ ರಿಮೋಟ್ ಹಾಗಲ್ಲ. ಚೆಂಡು ಬಂದಾಗ ಬೀಸಬೇಕು, ಅಷ್ಟೇ. ಟೆನಿಸ್ ಅಂಗಳದಲ್ಲಿ ಓಡುವ ಕೆಲಸವನ್ನು ತೆರೆಯ ಮೇಲಿನ ಬೊಂಬೆ ತಾನೇ ಮಾಡಿಕೊಳ್ಳುತ್ತದೆ. ಮಂಡಿನೋವಿನ ಅಜ್ಜಿ ಸೋಫಾದ ಅಂಚಿನಲ್ಲಿ ಕುಳಿತೇ ಮೊಮ್ಮಗನನ್ನು ಸೋಲಿಸಿದರು.

ಬೌಲಿಂಗ್ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಅದರಲ್ಲಿ ರಿಮೋಟಿನ ಹಿಂಭಾಗದ ಗುಂಡಿಯೊಂದನ್ನು ಒತ್ತಿ ಹಿಡಿದು, ಕೈ ಮುಂದೆ ಬಂದ ಗಳಿಗೆಯಲ್ಲಿ ಬಿಡಬೇಕು. ಕೈ ಹಿಂದಿರುವಾಗಲೇ ಬಿಟ್ಟರೆ ಚೆಂಡು ಬೆನ್ನ ಹಿಂದೆ ದೊಪ್ಪನೆ ಬಿದ್ದು, ತೆರೆಯೊಳಗಿನ ಪ್ರೇಕ್ಷಕರು ಬೆಚ್ಚಿ ಜಿಗಿಯುತ್ತಾರೆ. "ಅಜ್ಜಿ, ಈಗ ಬಿಡು! ಈಗ ಅಲ್ಲ, ಈಗ!" ಎಂದು ಮಗ ಕೂಗುತ್ತಿದ್ದುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಆ ಚಳಿಗಾಲದಲ್ಲಿ ಅವನ ಬಾಯಿಗೆ ಬಂದ ಕನ್ನಡವೆಲ್ಲ ಇಂಥ ಕ್ರಿಯಾಪದಗಳೇ: ಬಿಡು, ಹಿಡಿ, ಬೀಸು, ಹೊಡಿ, ಮೆಲ್ಲಗೆ. ಭಾನುವಾರದ ಕನ್ನಡ ತರಗತಿ ಎರಡು ವರ್ಷಗಳಲ್ಲಿ ಅವನಿಗೆ ಇಷ್ಟನ್ನು ಕಲಿಸಿರಲಿಲ್ಲ.

ಈ ರಿಮೋಟಿಗೆ ನಮ್ಮ ಚಲನೆ ತಿಳಿಯುವುದು ಹೇಗೆ ಎಂಬುದನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ವಿವರಿಸುವುದು ಬಲು ಸುಲಭ, ಏಕೆಂದರೆ ಅದು ನಮ್ಮ ಒಳಗಿವಿಯ ನಕಲಿನಂತಿದೆ. ಕಿವಿಯೊಳಗಿನ ಎರಡು ಪುಟ್ಟ ಚೀಲಗಳಲ್ಲಿ ಸೂಕ್ಷ್ಮವಾದ ಸುಣ್ಣದ ಹರಳುಗಳಿದ್ದು, ನೇರ ಚಲನೆಯನ್ನೂ ಭೂಮಿಯ ಸೆಳೆತವನ್ನೂ ಅವು ಗುರುತಿಸುತ್ತವೆ. ತಲೆ ತಿರುಗಿಸಿದ್ದನ್ನು ಗ್ರಹಿಸುವವು ಬೇರೆಯವು, ಮೂರು ಅರ್ಧವೃತ್ತಾಕಾರದ ನಾಳಗಳು. 2006ರ ರಿಮೋಟಿನಲ್ಲಿದ್ದ ಅಕ್ಸೆಲೆರೊಮೀಟರ್ ಆ ಹರಳಿನ ಚೀಲಗಳ ಕೆಲಸವನ್ನಷ್ಟೇ ಮಾಡುತ್ತಿತ್ತು. ನಾಳಗಳ ಕೆಲಸ ಮಾಡುವ ಜೈರೊಸ್ಕೋಪ್ ಬಂದದ್ದು 2009ರಲ್ಲಿ, ಪ್ರತ್ಯೇಕ ಜೋಡಣೆಯಾಗಿ. ಹಾಗಾಗಿ ಮೊದಲ ಮೂರು ವರ್ಷ ಯಂತ್ರಕ್ಕೆ ತಿಳಿಯುತ್ತಿದ್ದುದು ಕೈ ಎಷ್ಟು ರಭಸದಿಂದ ಕುಲುಕಿತು ಎಂಬುದೇ ಹೊರತು, ಮಣಿಕಟ್ಟು ಎತ್ತ ಹೊರಳಿತು ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಇದನ್ನು ಮೊದಲು ಕಂಡುಕೊಂಡವರು ಮಕ್ಕಳು. ಭುಜದಿಂದ ಬೀಸುವ ಅಗತ್ಯವಿಲ್ಲ, ಮಲಗಿಕೊಂಡೇ ಮಣಿಕಟ್ಟು ಕೊಡವಿದರೂ ಸಾಕು! ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 13ರಿಂದ 15ರ ವಯಸ್ಸಿನ ಮಕ್ಕಳನ್ನು ಆಡಿಸಿ, ವ್ಯಯವಾಗುವ ಶಕ್ತಿಯನ್ನು ಅಳೆದು, 2007ರಲ್ಲಿ 'ಬಿ.ಎಂ.ಜೆ.'ಯಲ್ಲಿ ವರದಿ ಮಾಡಿದರು. ಕುಳಿತು ಗುಂಡಿ ಒತ್ತುವುದಕ್ಕಿಂತ ವೀ ಆಟಕ್ಕೆ ಹೆಚ್ಚು ಶಕ್ತಿ ಬೇಕು, ಆದರೆ ನಿಜವಾದ ಆಟಕ್ಕೆ ಬೇಕಾದಷ್ಟೇನೂ ಅಲ್ಲ. ಮಕ್ಕಳ ದೈನಂದಿನ ವ್ಯಾಯಾಮದ ಲೆಕ್ಕಕ್ಕೆ ಅದು ಸಾಲದು. ಅಂಗಡಿಯವರ ಜಾಹೀರಾತು ಬೇರೆಯೇ ಹೇಳುತ್ತಿತ್ತು ಎಂಬುದನ್ನು ವಿಸ್ತರಿಸಬೇಕಾಗಿಲ್ಲ.

ಕೆಲವೇ ದಿನಗಳಲ್ಲಿ ಈ ಯಂತ್ರ ನಮ್ಮ ವಾರ್ಡಿಗೂ ಬಂತು. ಪಾರ್ಶ್ವವಾಯುವಿನಿಂದ ಒಂದು ಕೈ ಬಲಹೀನವಾದವರಿಗೆ ಅದೇ ಚಲನೆಯನ್ನು ದಿನಕ್ಕೆ ನೂರಾರು ಬಾರಿ ಮಾಡಿಸುವುದು ನಮ್ಮ ಕಸುಬಿನ ತಿರುಳು. ಬೇಸರ ಅದರ ಶತ್ರು. ಆಟ ಆಡುತ್ತ ಮಾಡಿದರೆ ಬೇಸರ ಕಳೆದೀತು ಎಂಬುದು ಎಲ್ಲರ ಆಸೆ. ಆದರೆ ಕಣ್ಣಿಗೆ ಕಂಡದ್ದು ಇದು: ಕೈ ಎತ್ತಲಾರದ ರೋಗಿ ಇಡೀ ಮೈಯನ್ನು ಪಕ್ಕಕ್ಕೆ ವಾಲಿಸಿ ಹೇಗೋ ರಿಮೋಟನ್ನು ಕುಲುಕುತ್ತಾನೆ, ಯಂತ್ರ ಅದನ್ನೂ 'ಶಾಭಾಷ್' ಎಂದು ಒಪ್ಪಿಕೊಳ್ಳುತ್ತದೆ. ಫಿಸಿಯೊಥೆರಪಿಸ್ಟ್ ಆಗಿದ್ದರೆ ತಕ್ಷಣ ತಡೆಯುತ್ತಿದ್ದರು. ಜೊತೆಗೆ, ಗಾಳಿಯಲ್ಲಿ ಬೀಸುವ ಕೈಗೆ ಏನೂ ತಾಗುವುದಿಲ್ಲ. ಚೆಂಡಿನ ಭಾರವಿಲ್ಲ, ರಾಕೆಟ್ಟಿನ ಅದಿರಿಲ್ಲ. ಗುಂಡಿ ಒತ್ತಿದರೆ ಬೆರಳ ತುದಿಗೆ 'ಟಕ್' ಎಂಬ ಉತ್ತರವಾದರೂ ಬರುತ್ತದೆ.

ಟೊರಾಂಟೊದ ನರರೋಗ ತಜ್ಞ ಗುಸ್ತಾವೊ ಸಪೋಸ್ನಿಕ್ ನೇತೃತ್ವದಲ್ಲಿ ನಾಲ್ಕು ದೇಶಗಳ ಪುನಶ್ಚೇತನ ಘಟಕಗಳಲ್ಲಿ ಈ ವಿಷಯ ಶಿಸ್ತಿನಿಂದ ಪರೀಕ್ಷೆಗೊಳಗಾಯಿತು. 141 ರೋಗಿಗಳಲ್ಲಿ ಒಂದು ಗುಂಪಿನವರು ಎರಡು ವಾರ ವೀ ಆಡಿದರು. ಇನ್ನೊಂದು ಗುಂಪಿನವರು ಇಸ್ಪೀಟು, ಡೊಮಿನೊ, ಜೆಂಗಾದಂಥ ಸಾದಾ ಆಟಗಳನ್ನಾಡಿದರು. 2016ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ'ಯಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಗುಂಪಿನವರ ಕೈ ಸುಧಾರಿಸಿತ್ತು, ವೀ ಆಡಿದವರದ್ದು ಹೆಚ್ಚಾಗಿಯೇನೂ ಅಲ್ಲ. ಇದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಚೌಕಾಬಾರ, ಅಳಗುಳಿಮಣೆ. ಹುಣಸೆಬೀಜವನ್ನು ಚಿವುಟಿ ಹಿಡಿದು ಒಂದೊಂದೇ ಗುಳಿಗೆ ಹಾಕುವುದಕ್ಕಿಂತ ಒಳ್ಳೆಯ ಬೆರಳಿನ ವ್ಯಾಯಾಮ ಯಾವುದಿದೆ? ಊರಿನಲ್ಲಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿದ್ದರೆ ದುಬಾರಿ ಯಂತ್ರ ಕಳುಹಿಸಬೇಕೇ ಎಂದು ಇಲ್ಲಿಯ ಗೆಳೆಯರು ಕೇಳಿದಾಗಲೆಲ್ಲ ನಾನು ಈ ಅಧ್ಯಯನದ ಮಾತನ್ನೇ ಹೇಳುತ್ತೇನೆ.

ಗುಂಡಿ ಹಳತು, ಚಲನೆ ಹೊಸತು ಎಂಬ ಎಣಿಕೆ ಪೂರ್ತಿಯಾಗಿ ತಿರುವುಮುರುವಾದದ್ದು ಇನ್ನೊಂದು ವರ್ಗದ ರೋಗಿಗಳ ಮುಂದೆ. 2010ರಲ್ಲಿ ಮೈಕ್ರೊಸಾಫ್ಟ್ 'ಕಿನೆಕ್ಟ್' ತಂದಿತು. ಕೈಯಲ್ಲಿ ಏನನ್ನೂ ಹಿಡಿಯಬೇಕಾಗಿಲ್ಲ, ಕ್ಯಾಮೆರಾ ಇಡೀ ದೇಹವನ್ನು ನೋಡಿಕೊಳ್ಳುತ್ತದೆ. ಆದರೆ ಆ ಕ್ಯಾಮೆರಾ ಬಯಸುತ್ತಿದ್ದುದು ಆರಡಿ ದೂರದಲ್ಲಿ ಎರಡು ಕಾಲಿನ ಮೇಲೆ ನಿಂತ, ಎರಡು ತೋಳು ಎತ್ತಬಲ್ಲ ದೇಹವನ್ನು. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವ ಯುವಕನಿಗೆ ಅದರಲ್ಲಿ ಜಾಗವಿಲ್ಲ. ಅವನಲ್ಲಿ ಉಳಿದಿರುವುದು ಒಂದು ಹೆಬ್ಬೆರಳಿನ ಎರಡು ಮಿಲಿಮೀಟರ್ ಚಲನೆ, ತಲೆಯ ವಾಲಾಟ, ಗಲ್ಲದ ಒತ್ತು. ಅಷ್ಟರಿಂದ ಗುಂಡಿಯೊಂದನ್ನು ಒತ್ತಲು ಸಾಧ್ಯ. ಗುಂಡಿಗೆ ಬೇಕಾಗಿರುವುದೂ ಅಷ್ಟೇ. 2018ರಲ್ಲಿ ಅದೇ ಮೈಕ್ರೊಸಾಫ್ಟ್ ಹೊರತಂದ 'ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್' ಎಂದರೆ ತಟ್ಟೆಯಗಲದ ಎರಡು ದೊಡ್ಡ ಗುಂಡಿಗಳು, ಹಿಂಬದಿಯಲ್ಲಿ ಸಾಲು ರಂಧ್ರಗಳು. ಒಂದೊಂದು ರಂಧ್ರಕ್ಕೂ ಒಂದೊಂದು ಬಾಹ್ಯ ಗುಂಡಿ ಸಿಕ್ಕಿಸಿ, ಒಂದನ್ನು ಮೊಣಕೈ ಬಳಿ, ಇನ್ನೊಂದನ್ನು ತಲೆಯ ಪಕ್ಕ, ಮತ್ತೊಂದನ್ನು ಪಾದದ ಕೆಳಗೆ ಇಡಬಹುದು. ಆಕ್ಸ್‌ಫರ್ಡ್‌ಶೈರಿನ 'ಸ್ಪೆಷಲ್ ಎಫೆಕ್ಟ್' ಎಂಬ ದತ್ತಿಸಂಸ್ಥೆ 2007ರಿಂದಲೂ ಇಂಥ ಜೋಡಣೆಗಳನ್ನು ಒಬ್ಬೊಬ್ಬರ ದೇಹಕ್ಕೆ ತಕ್ಕಂತೆ ರೂಪಿಸಿ ಎರವಲು ಕೊಡುತ್ತ ಬಂದಿದೆ.

ಇಲ್ಲಿಗೆ ಬರಲು ತಯಾರಾಗುತ್ತಿರುವ ಕಿರಿಯ ವೈದ್ಯರಿಗೆ ಒಂದು ಮಾತು. ಯಾವ ಗುಂಡಿ ಎಲ್ಲಿರಬೇಕು ಎಂದು ನಿರ್ಧರಿಸುವವನು ಇಲ್ಲಿ ವೈದ್ಯನಲ್ಲ, ಆಕ್ಯುಪೇಷನಲ್ ಥೆರಪಿಸ್ಟ್. ವಾರದ ಸಭೆಯಲ್ಲಿ ಅವರ ಮಾತಿಗೆ ನನ್ನ ಮಾತಿನಷ್ಟೇ ತೂಕ, ಕೆಲವೊಮ್ಮೆ ಹೆಚ್ಚು. ನಮ್ಮಲ್ಲಿಯ ವಾರ್ಡ್ ರೌಂಡಿನ ದರ್ಬಾರಿಗೆ ಒಗ್ಗಿದವರಿಗೆ ಇದನ್ನು ಅರಗಿಸಿಕೊಳ್ಳಲು ಕೆಲಕಾಲ ಬೇಕು.

ಕಿನೆಕ್ಟ್ ಆಟದ ಮನೆಗಳಲ್ಲಿ ಬಾಳಲಿಲ್ಲ. 2017ರಲ್ಲಿ ಅದರ ತಯಾರಿಕೆಯೇ ನಿಂತಿತು. ಆದರೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ರಕ್ತನಾಳ ಶಸ್ತ್ರಚಿಕಿತ್ಸಕರು 2012ರಲ್ಲಿ ಅದನ್ನು ಆಪರೇಷನ್ ಥಿಯೇಟರಿನಲ್ಲಿ ಪ್ರಯೋಗಿಸಿದ್ದರು. ಕ್ರಿಮಿರಹಿತ ಕೈಗವಸು ತೊಟ್ಟವರು ಮೌಸ್ ಮುಟ್ಟುವಂತಿಲ್ಲ. ಗಾಳಿಯಲ್ಲಿ ಕೈಯಾಡಿಸಿ ಸ್ಕ್ಯಾನ್ ಚಿತ್ರವನ್ನು ತಿರುಗಿಸಿದರು. ಮುಟ್ಟಬಾರದ ಕಡೆ ಗುಂಡಿ ಸೋಲುತ್ತದೆ, ಅದು ಸಹಜ.

ಆಟದ ಲೋಕ ಈಗ ಒಂದು ರಾಜಿಗೆ ಬಂದಿದೆ. 2017ರ 'ನಿಂಟೆಂಡೊ ಸ್ವಿಚ್'ನ ಕಂಟ್ರೋಲರಿನಲ್ಲಿ ಗುಂಡಿಗಳೂ ಇವೆ, ಒಳಗೆ ಜೈರೊಸ್ಕೋಪೂ ಇದೆ. ದೊಡ್ಡ ಗುರಿಗೆ ಕಡ್ಡಿ ತಿರುಗಿಸಿ, ಸೂಕ್ಷ್ಮ ಗುರಿಗೆ ಕಂಟ್ರೋಲರನ್ನು ತುಸು ವಾಲಿಸುವುದು ಈಗಿನ ಹುಡುಗರ ರೀತಿ. ಬೇಡವೆಂದರೆ ಹಲವು ಆಟಗಳಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಚಲನೆಯನ್ನು ಆರಿಸಿಬಿಡಬಹುದು. ಕೈ ನಡುಗುವ ಪಾರ್ಕಿನ್ಸನ್ ರೋಗಿಗಳಿಗೆ ಈ ಆಯ್ಕೆ ಇರಲೇಬೇಕು. ನಡುಕ ಯಾವುದು, ಉದ್ದೇಶ ಯಾವುದು ಎಂದು ಯಂತ್ರಕ್ಕೆ ತಿಳಿಯದು.

ಈ ಚಳಿಗಾಲಕ್ಕೆ ಮಕ್ಕಳ ಬಳಿ ಬರಲಿರುವ ಹಿರಿಯರು ಮೊಮ್ಮಕ್ಕಳೊಡನೆ ಆಡುವುದಾದರೆ ಖಂಡಿತ ಆಡಿ. ಮೊದಲು ಬೀಸುವ ಆಟದಿಂದಲೇ ಶುರುಮಾಡಿ. ಮಣಿಕಟ್ಟಿಗೆ ದಾರ ಹಾಕಿಕೊಳ್ಳಿ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ನುಣುಪಾದ ಮರದ ನೆಲದ ಮೇಲೆ ಬರಿ ಕಾಲುಚೀಲದಲ್ಲಿ ನಿಲ್ಲಬೇಡಿ, ಹಿಂದೆ ಒಂದು ಕುರ್ಚಿ ಇರಲಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಬಿಗಿದುಕೊಳ್ಳುವ ತೊಂದರೆ ಇತರರಿಗಿಂತ ಹೆಚ್ಚು. ಬೆನ್ನ ಹಿಂದೆ ಕೈ ಹೋಗದಷ್ಟು ಭುಜ ಈಗಾಗಲೇ ಬಿಗಿದಿದ್ದರೆ ಟೆನಿಸ್ ಬೇಡ, ಗುಂಡಿಯ ಆಟವೊಂದನ್ನು ಕಲಿಸೆಂದು ಮೊಮ್ಮಗುವಿಗೇ ಹೇಳಿ. ಕಲಿಯಲು ಒಂದು ವಾರ ಹಿಡಿದೀತು. ಆ ವಾರವೆಲ್ಲ ಮಗು ನಿಮ್ಮೊಡನೆ ಕನ್ನಡದಲ್ಲೇ ಮಾತಾಡಬೇಕಾಗುತ್ತದೆ.