ಪೊಲೀಸರ ಹಳೆಯ ಪಿಸ್ತೂಲು ಕೊಳ್ಳಲು ಸಿಗುತ್ತದೆಯೇ? ತಪ್ಪು ಕಲ್ಪನೆ ಮತ್ತು ಸತ್ಯ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ಪೊಲೀಸ್ ಇಲಾಖೆ ಬಳಸಿ ಬಿಟ್ಟ ಪಿಸ್ತೂಲನ್ನು ಸಾರ್ವಜನಿಕರು ಕೊಳ್ಳುವ ವ್ಯವಸ್ಥೆ ಇಲ್ಲ. ಕೈಯಲ್ಲಿ ಲೈಸೆನ್ಸ್ ಇದ್ದವರಿಗೂ ಇಲ್ಲ. ಆದರೂ ಇಂಥ ಪಿಸ್ತೂಲು ಅರ್ಧ ಬೆಲೆಗೆ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿಕೊಳ್ಳಲು ಎರಡು ಕಾರಣಗಳಿವೆ. ಒಂದು ಅಮೆರಿಕದ ವಿಡಿಯೊಗಳು, ಇನ್ನೊಂದು ಪೊಲೀಸ್ ಠಾಣೆಗಳ ವಾಹನ ಹರಾಜು.

ಅಮೆರಿಕದಲ್ಲಿ ಪೊಲೀಸ್ ಇಲಾಖೆಗಳು ಹೊಸ ಪಿಸ್ತೂಲು ಕೊಳ್ಳುವಾಗ ಹಳೆಯದನ್ನು ವ್ಯಾಪಾರಿಗೆ ಕೊಟ್ಟು ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳುತ್ತವೆ. ಆ ಹಳೆಯ ಮಾಲು ಅಂಗಡಿಗೆ ಬಂದು ಸಾಮಾನ್ಯ ಗ್ರಾಹಕರಿಗೆ ಮಾರಾಟವಾಗುತ್ತದೆ. ಎಫ್‌ಬಿಐ 2016ರಲ್ಲಿ 9 ಎಂಎಂ ಗ್ಲಾಕ್ ಪಿಸ್ತೂಲುಗಳನ್ನು ಆರಿಸಿಕೊಂಡಿತು. ಅಲ್ಲಿನ ಅನೇಕ ಇಲಾಖೆಗಳೂ .40 ಬೋರಿನಿಂದ 9 ಎಂಎಂಗೆ ತಿರುಗಿದಾಗ ಇಂಥ ಪಿಸ್ತೂಲುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಆ ದೇಶದಲ್ಲಿ ಆಯುಧ ಹೊಂದುವುದು ಸಂವಿಧಾನ ಕೊಟ್ಟ ಹಕ್ಕು. ಭಾರತದಲ್ಲಿ ಅದು 1959ರ ಆಯುಧ ಕಾಯ್ದೆಯಡಿ ಸರ್ಕಾರ ನೀಡುವ ಅನುಮತಿ ಮಾತ್ರ. ಅಲ್ಲಿನ ಅಂಗಡಿಯ ಪದ್ಧತಿಯನ್ನು ಇಲ್ಲಿಗೆ ಅನ್ವಯಿಸಲು ಬರುವುದಿಲ್ಲ.

ಎರಡನೆಯ ಕಾರಣ ಊರಿನದೇ. ವಾರಸುದಾರರಿಲ್ಲದ ಬೈಕು, ಕಂಡಮ್ ಆದ ಇಲಾಖೆಯ ಜೀಪು ಹರಾಜಿಗೆ ಬರುತ್ತವೆ, ಪತ್ರಿಕೆಯಲ್ಲಿ ಪ್ರಕಟಣೆಯೂ ಬರುತ್ತದೆ. ಜೀಪು ಮಾರುವವರು ಪಿಸ್ತೂಲನ್ನೂ ಮಾರಬಹುದು ಎಂದು ಊಹಿಸುವುದು ಸಹಜ. ಆದರೆ ಆಯುಧದ ಲೆಕ್ಕವೇ ಬೇರೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಶಸ್ತ್ರಾಗಾರದಲ್ಲಿ ಪ್ರತಿ ಪಿಸ್ತೂಲಿಗೂ ಪ್ರತಿ ರೈಫಲ್‌ಗೂ ನಂಬರ್ ಇದೆ. ಯಾರಿಗೆ ಕೊಟ್ಟದ್ದು, ಯಾವಾಗ ಮರಳಿ ಬಂದದ್ದು, ಎಷ್ಟು ತೋಟಾ ಖರ್ಚಾಯಿತು ಎಂಬುದೆಲ್ಲ ರಿಜಿಸ್ಟರಿಗೆ ಏರುತ್ತದೆ. ಆಯುಧ ಪೂಜೆಯ ದಿನ ಹೂ ಮುಡಿದು ಸಾಲಾಗಿ ನಿಲ್ಲುವ ಬಂದೂಕುಗಳೂ ಸಂಜೆಗೆ ಎಣಿಕೆಯಾಗಿಯೇ ಒಳಗೆ ಹೋಗುತ್ತವೆ. ಕೆಟ್ಟ ಆಯುಧವನ್ನು ಶಸ್ತ್ರಾಗಾರದ ರಿಪೇರಿಗಾರನಾದ ಆರ್ಮರರ್ ಪರಿಶೀಲಿಸುತ್ತಾನೆ. ರಿಪೇರಿಗೆ ಒಗ್ಗದಿದ್ದರೆ ಅದು ನಿರುಪಯುಕ್ತವೆಂದು ದಾಖಲಾಗುತ್ತದೆ, ಮುಂದಿನ ವಿಲೇವಾರಿ ಸರ್ಕಾರದ ಆದೇಶದಂತೆಯೇ ನಡೆಯಬೇಕು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಕವಾಯತಿನೊಂದಿಗೆ .303 ರೈಫಲ್‌ಗೆ ವಿದಾಯ ಹೇಳಿದರು. ಆ ರೈಫಲ್‌ಗಳು ಬಂದೂಕಿನ ಅಂಗಡಿಯ ಕಪಾಟಿಗೆ ಬರುವಂತಿರಲಿಲ್ಲ, ಏಕೆಂದರೆ .303 ನಿಷೇಧಿತ ಬೋರ್.

ಬೋರಿನ ವಿಷಯ ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ನಳಿಕೆಯ ಒಳಅಳತೆ ಮತ್ತು ಅದು ಹಾರಿಸುವ ತೋಟಾ, ಇವೆರಡರ ಮೇಲೆ ಕಾನೂನು ಬಂದೂಕುಗಳನ್ನು ನಿಷೇಧಿತ ಬೋರ್, ನಿಷೇಧಿತವಲ್ಲದ ಬೋರ್ ಎಂದು ವಿಂಗಡಿಸುತ್ತದೆ. ಸೇನೆ ಮತ್ತು ಪೊಲೀಸರು ಬಳಸುವ ತೋಟಾ ಹಾಕಿ ಹೊಡೆಯಬಲ್ಲ ಆಯುಧಗಳು ನಿಷೇಧಿತ ಪಟ್ಟಿಯಲ್ಲಿವೆ. ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ಕಾಣುವ 9 ಎಂಎಂ ಪಿಸ್ತೂಲು, ಒಂದು ಕಾಲಕ್ಕೆ ಎಲ್ಲೆಡೆ ಇದ್ದ .38 ಸರ್ವಿಸ್ ರಿವಾಲ್ವರ್, ಠಾಣೆಯ .410 ಮಸ್ಕೆಟ್ ಮೂರೂ ಇದೇ ಪಟ್ಟಿಗೆ ಸೇರುತ್ತವೆ. ಸರ್ಕಾರಿ ತೋಟಾ ಕಳುವಾಗಿ ಹೊರಗೆ ಹೋದರೂ ಅದನ್ನು ಹಾರಿಸುವ ಬಂದೂಕು ಜನರ ಕೈಯಲ್ಲಿ ಇರಬಾರದು ಎಂಬುದು ಈ ವಿಂಗಡಣೆಯ ಹಿಂದಿನ ಯೋಚನೆ. ನಿಷೇಧಿತ ಬೋರಿನ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಇಲ್ಲ, ಅದು ಕೇಂದ್ರ ಗೃಹ ಸಚಿವಾಲಯದ್ದು. ಹಾಗಾಗಿ ಪೊಲೀಸರ ಪಿಸ್ತೂಲು ಯಾರಾದರೂ ಮಾರಲು ಹೊರಟರೆ ದಾವಣಗೆರೆಯ ಸಾಮಾನ್ಯ ಲೈಸೆನ್ಸ್‌ನಲ್ಲಿ ಅದನ್ನು ನಮೂದಿಸಲು ಬರುವುದೇ ಇಲ್ಲ.

ನಿವೃತ್ತರಾದ ಅಧಿಕಾರಿ ತಮ್ಮ ಸರ್ವಿಸ್ ಪಿಸ್ತೂಲನ್ನು ಮನೆಗೆ ಒಯ್ಯುತ್ತಾರೆ, ಬೇಕಾದವರಿಗೆ ಕೊಡುತ್ತಾರೆ ಎಂಬುದೂ ಸುಳ್ಳು. ಕರ್ತವ್ಯದಲ್ಲಿರುವ ಸರ್ಕಾರಿ ನೌಕರ ಸರ್ಕಾರಿ ಆಯುಧ ಹಿಡಿಯಲು ಲೈಸೆನ್ಸ್ ಬೇಡ ಎಂಬ ವಿನಾಯಿತಿ ಕರ್ತವ್ಯಕ್ಕಷ್ಟೇ ಸೀಮಿತ. ಪಿಸ್ತೂಲು ಶಸ್ತ್ರಾಗಾರಕ್ಕೆ ಮರಳುತ್ತದೆ. ಆ ಅಧಿಕಾರಿಗೆ ಸ್ವಂತಕ್ಕೊಂದು ಬೇಕೆನಿಸಿದರೆ ಎಲ್ಲರಂತೆ ಅರ್ಜಿ ಹಾಕಬೇಕು.

ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಹೆಸರಿನ ಚೀಟಿ ಕಟ್ಟಿಸಿಕೊಂಡು ಒರಗಿ ನಿಲ್ಲುವ ಸಿಂಗಲ್ ಬ್ಯಾರೆಲ್, ಡಬಲ್ ಬ್ಯಾರೆಲ್ ಕೋವಿಗಳನ್ನು ಕಂಡವರು ಅವೇ ಮುಂದೆ ಮಾರಾಟವಾಗುತ್ತವೆ ಎಂದು ಭಾವಿಸುವುದುಂಟು. ಅವು ರೈತರ, ಬ್ಯಾಂಕ್ ಕಾವಲುಗಾರರ, ವ್ಯಾಪಾರಸ್ಥರ ಸ್ವಂತ ಆಯುಧಗಳು. ರಸೀದಿ ಕೊಟ್ಟು ಪಡೆದದ್ದನ್ನು ಚುನಾವಣೆ ಮುಗಿದ ಮೇಲೆ ಹಿಂದಿರುಗಿಸಲಾಗುತ್ತದೆ. ಲೈಸೆನ್ಸ್ ಅವಧಿ ತೀರಿ ಠಾಣೆಗೆ ಒಪ್ಪಿಸಿದ ಬಂದೂಕನ್ನು ಗಡುವಿನೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಅದು ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ಆಗಲೂ ಅದು ಪೊಲೀಸ್ ಠಾಣೆ ಮಾರುವ ಸರಕಾಗುವುದಿಲ್ಲ.

ಹಾಗಾದರೆ ಹಳೆಯ ಪಿಸ್ತೂಲು ಕೊಳ್ಳುವುದೇ ಅಪರಾಧವೇ? ಅಲ್ಲ. ಲೈಸೆನ್ಸ್ ಇರುವ ಒಬ್ಬರಿಂದ ಲೈಸೆನ್ಸ್ ಇರುವ ಇನ್ನೊಬ್ಬರು ನಿಷೇಧಿತವಲ್ಲದ ಬೋರಿನ ಆಯುಧ ಕೊಳ್ಳಬಹುದು, ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಮೂಲಕವೂ ಕೊಳ್ಳಬಹುದು. ಮೊದಲು ಪಿಸ್ತೂಲು ನೋಡಿಟ್ಟು ಮುಂಗಡ ಕೊಟ್ಟು ಆಮೇಲೆ ಲೈಸೆನ್ಸ್ ಮಾಡಿಸಿಕೊಳ್ಳೋಣ ಎಂಬ ಲೆಕ್ಕಾಚಾರ ಮಾತ್ರ ತಲೆಕೆಳಗು. ಲೈಸೆನ್ಸ್ ಮೊದಲು, ಆಯುಧ ಆಮೇಲೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರ್ ಲೈಸೆನ್ಸ್ ಕೊಡುತ್ತಾರೆ. ದಾವಣಗೆರೆ ಕಮಿಷನರೇಟ್ ಅಲ್ಲ. ಆದ್ದರಿಂದ ನಗರದವರಿಗೂ ಹರಿಹರದವರಿಗೂ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಯೇ ಪ್ರಾಧಿಕಾರ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು. 2016ರ ಆಯುಧ ನಿಯಮಗಳ ಪ್ರಕಾರ ವೈದ್ಯಕೀಯ ಪ್ರಮಾಣಪತ್ರ, ಆಯುಧ ಸುರಕ್ಷತೆಯ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುವ ಮುಚ್ಚಳಿಕೆ ಬೇಕು. ರಾಷ್ಟ್ರೀಯ ದತ್ತಾಂಶದಲ್ಲಿ ಲೈಸೆನ್ಸ್‌ದಾರನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಬೀಳುತ್ತದೆ. ಆ ಸಂಖ್ಯೆಯಿಲ್ಲದ ಹಳೆಯ ಲೈಸೆನ್ಸ್ ಪುಸ್ತಕ ಎಷ್ಟು ಸೀಲು ಹೊತ್ತಿದ್ದರೂ ಈಗ ಊರ್ಜಿತವಲ್ಲ.

ಖಾಸಗಿ ಮಾರಾಟ ಹಣ ಕೊಟ್ಟ ಕ್ಷಣಕ್ಕೆ ಮುಗಿಯುವುದಿಲ್ಲ. ಆಯುಧ ಕಾಯ್ದೆಯ 5ನೇ ಕಲಮಿನಂತೆ ಮಾರುವವರು ತಮ್ಮ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ ಇಲ್ಲವೇ ಹತ್ತಿರದ ಠಾಣಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಳೆಯದೆ ಆಯುಧ ಕೈ ಬದಲಿಸುವಂತಿಲ್ಲ. ‘ಇವತ್ತೇ ಒಯ್ಯಿರಿ, ಕಾಗದ ಆಮೇಲೆ ಕಳಿಸುತ್ತೇನೆ’ ಎನ್ನುವ ಮಾರಾಟಗಾರನ ಮಾತಿನಲ್ಲೇ ಕಾನೂನು ಮುರಿದಿರುತ್ತದೆ.

ಈ ಜಿಲ್ಲೆಯಲ್ಲಿ ಹಳೆಯ ಆಯುಧದ ಕಾಗದ ನೋಡುವಾಗ ಒಂದು ತೊಡಕು ವಿಶೇಷ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಬಳ್ಳಾರಿಯಿಂದ ಬಂದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ತಾತನ ಕಾಲದ ರಿವಾಲ್ವರಿನ ಮೂಲ ಲೈಸೆನ್ಸ್‌ನಲ್ಲಿ ಚಿತ್ರದುರ್ಗದ ಅಥವಾ ಶಿವಮೊಗ್ಗದ ಮೊಹರು ಇರುವುದು ಸಹಜ, ಅದು ನಕಲಿಯ ಲಕ್ಷಣವಲ್ಲ. ಆದರೆ ಅಲ್ಲಿಂದ ಇಂದಿನ ದಾವಣಗೆರೆಯ ದಾಖಲೆಯವರೆಗೆ ಕೊಂಡಿ ಎಲ್ಲೂ ಕಡಿದಿರಬಾರದು. ಇದರ ಜೊತೆಗೆ ಆಯುಧದ ಮೈಮೇಲೆ ಕೊರೆದ ತಯಾರಕರ ಹೆಸರು ಮತ್ತು ನಂಬರನ್ನು ಲೈಸೆನ್ಸ್‌ನ ನಮೂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ಸವೆದ 3 ದಫ್ತರದಲ್ಲಿ 8 ಆಗಿರಬಹುದು. ಅದನ್ನು ಕೊಳ್ಳುವ ಮುನ್ನವೇ ಕಚೇರಿಯಲ್ಲಿ ಸರಿಪಡಿಸಿಕೊಳ್ಳುವುದು ಕ್ಷೇಮ, ಏಕೆಂದರೆ ನಂಬರ್ ಅಳಿಸಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು 8ನೇ ಕಲಮು ಭಾವಿಸುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಹೊರೆ ಅವರದೇ.

ಹರಿಹರದಲ್ಲಿ ಬೇರೂರಿದ ಇನ್ನೊಂದು ಭರವಸೆ, ಕೆಟ್ಟ ಪಿಸ್ತೂಲನ್ನು ಲೇತ್‌ನಲ್ಲಿ ಸರಿಮಾಡಿಸಬಹುದು ಎಂಬುದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1940ರ ದಶಕದಿಂದ ಇಲ್ಲಿ ಲೇತ್ ಯಂತ್ರ ತಯಾರಿಸಿತು, ಊರಿಗೆ ತಲೆಮಾರುಗಳ ಕಾಲ ನುರಿತ ಟರ್ನರ್, ಫಿಟ್ಟರ್‌ಗಳನ್ನು ಕೊಟ್ಟಿತು. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಕೈಗಳಿಗೆ ಪಿಸ್ತೂಲಿನ ಒಂದು ಪಿನ್ನು ಮಾಡುವುದು ಕಷ್ಟವಲ್ಲ. ಕುಶಲತೆ ಇದ್ದರೂ ಅನುಮತಿ ಇಲ್ಲ. ಬಂದೂಕಿನ ತಯಾರಿಕೆಯಷ್ಟೇ ಅಲ್ಲ, ರಿಪೇರಿ, ಮಾರ್ಪಾಡು, ಪರೀಕ್ಷೆಗೂ ಅದೇ 5ನೇ ಕಲಮಿನ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಈ ಕಲಮು ಮೀರಿದರೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಗುರುತಿನವರ ಒತ್ತಾಯಕ್ಕೆ ಮಣಿದ ಒಬ್ಬ ಒಳ್ಳೆಯ ಮೆಕ್ಯಾನಿಕ್ ಇಡೀ ಬದುಕನ್ನು ಪಣಕ್ಕಿಡಬೇಕಾಗುತ್ತದೆ. ಈ ವಿಷಯ ಪ್ರತಿ ವರ್ಕ್‌ಶಾಪಿಗೂ ತಿಳಿದಿರಬೇಕಾದದ್ದು.

ಇನ್ನು ಬೆಲೆ. ಹಳೆಯದು ಅಗ್ಗ ಎಂಬ ಸಾಮಾನ್ಯ ನಿಯಮ ಭಾರತದ ಪಿಸ್ತೂಲಿಗೆ ಅನ್ವಯಿಸುವುದಿಲ್ಲ. 1980ರ ದಶಕದಲ್ಲಿ ವಿದೇಶಿ ಬಂದೂಕುಗಳ ವಾಣಿಜ್ಯ ಆಮದಿಗೆ ತಡೆ ಬಿದ್ದ ಮೇಲೆ ಅದಕ್ಕೂ ಮೊದಲೇ ಬಂದಿದ್ದ ವೆಬ್ಲಿ, ವಾಲ್ಥರ್, ಬೆರೆಟ್ಟಾಗಳು ಅಪರೂಪವಾದವು. ಗುಣಕ್ಕಿಂತ ಹೆಸರಿಗೆ ಹಣ ಕೊಡುವಂತಾಯಿತು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ರಿವಾಲ್ವರನ್ನು ಹೊರತಂದಾಗ ಬೆಲೆ ಸುಮಾರು 1.22 ಲಕ್ಷ ರೂಪಾಯಿ ಇತ್ತು. ಹಳೆಯ ವಿದೇಶಿ .32 ಪಿಸ್ತೂಲು ಅದಕ್ಕಿಂತ ಹಲವು ಪಟ್ಟು ದುಬಾರಿಯಾಗಬಹುದು. ಅದರ ಸ್ಪ್ರಿಂಗ್, ಎಕ್ಸ್‌ಟ್ರಾಕ್ಟರ್, ಮ್ಯಾಗಜಿನ್ ಹೋದರೆ ಬದಲಿ ಸಿಗುವುದೇ ಕಷ್ಟ. ಹೊರಮೈಯ ಹೊಳಪು ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ. ಮತ್ತೆ ಬಣ್ಣ ಹಿಡಿಸಿದ ಪಿಸ್ತೂಲಿನ ನಳಿಕೆಯೊಳಗೆ ತುಕ್ಕು ಕೊರೆದ ಗುಳಿಗಳಿರಬಹುದು. ಚರ್ಮದ ಚೀಲಕ್ಕೆ ಉಜ್ಜಿ ಅಂಚು ಬೆಳ್ಳಗಾದದ್ದರ ಒಳಭಾಗ ಹೊಸದರಂತೆ ಇರಬಹುದು. ಲೈಸೆನ್ಸ್ ಇರುವ ಬಂದೂಕು ರಿಪೇರಿಗಾರರೇ ಬಿಚ್ಚಿ ನೋಡಿ ಹೇಳಬೇಕು.

.32 ಎಂಬ ಒಂದೇ ಅಂಕಿಯೂ ಜನರನ್ನು ದಾರಿ ತಪ್ಪಿಸುತ್ತದೆ. .32 ರಿವಾಲ್ವರಿನ ತೋಟಾಕ್ಕೆ ಹಿಂಬದಿಯಲ್ಲಿ ಚಾಚಿದ ಅಂಚಿದೆ, ಉದ್ದವೂ ಹೆಚ್ಚು. .32 ಪಿಸ್ತೂಲಿನದು ಗಿಡ್ಡ, 7.65 ಎಂಎಂ ಎಂದೂ ಕರೆಸಿಕೊಳ್ಳುತ್ತದೆ. ಒಂದರದ್ದು ಇನ್ನೊಂದಕ್ಕೆಂದು ತಯಾರಾದದ್ದಲ್ಲ.

ತಂದೆಯ ಪಿಸ್ತೂಲು ಮಗನಿಗೆ ತಾನಾಗಿಯೇ ಬರುತ್ತದೆ ಎಂಬ ಕಲ್ಪನೆ ಒಳ್ಳೆಯ ಮನೆತನಗಳನ್ನೇ ಸಂಕಷ್ಟಕ್ಕೆ ಸಿಕ್ಕಿಸುತ್ತದೆ. ಲೈಸೆನ್ಸ್ ವ್ಯಕ್ತಿಯದು, ಮನೆಯದಲ್ಲ. ಲೈಸೆನ್ಸ್‌ದಾರ ತೀರಿಕೊಂಡರೆ ವಾರಸುದಾರರು ಆಯುಧವನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆದು, ತಮ್ಮ ಹೆಸರಿಗೆ ಅರ್ಜಿ ಹಾಕಬೇಕು ಅಥವಾ ಮಾರಬೇಕು. ತಿಥಿ ಮುಗಿಯಲಿ, ಆಸ್ತಿ ಪಾಲಾಗಲಿ ಎಂದು ಬೀರುವಿನಲ್ಲಿ ಇಟ್ಟುಕೊಂಡರೆ ಅದು ಲೈಸೆನ್ಸ್ ಇಲ್ಲದ ಆಯುಧ. ಬದುಕಿರುವಾಗಲೇ ಕೊಡುವ ದಾರಿಯೂ ಇದೆ. ಲೈಸೆನ್ಸ್‌ದಾರನಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ ಅವರಲ್ಲಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ತಾವು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಿಸಲು ಕೋರಬಹುದು. ಒಬ್ಬರ ಹೆಸರಿನಲ್ಲಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ 3ರಿಂದ 2ಕ್ಕೆ ಇಳಿಸಿತು, ಲೈಸೆನ್ಸ್ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು.

ಚನ್ನಗಿರಿಯ ಅಡಿಕೆ ತೋಟಕ್ಕೋ ಜಗಳೂರಿನ ಮೆಕ್ಕೆಜೋಳದ ಹೊಲಕ್ಕೋ ಹಂದಿ ನುಗ್ಗುತ್ತದೆಂದು ಪಿಸ್ತೂಲು ಹುಡುಕುವುದು ವ್ಯರ್ಥ. ಬೆಳೆ ರಕ್ಷಣೆಗೆ ಕಾಯ್ದೆ ಹೇಳುವುದು ಉದ್ದ ನಳಿಕೆಯ ಕೋವಿಯನ್ನು. ಕೋವಿಯ ಲೈಸೆನ್ಸ್ ಕಾಡುಪ್ರಾಣಿ ಕೊಲ್ಲುವ ಅನುಮತಿಯೂ ಅಲ್ಲ, ಅದನ್ನು ನಿರ್ಧರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯೂ ಅವರಿಗಷ್ಟೇ ಸೀಮಿತ. ಕೊಡಗಿನಿಂದ ಲೈಸೆನ್ಸ್ ಇಲ್ಲದೆ ತಂದುಕೊಡುತ್ತೇವೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ‘ಡಿಪಾರ್ಟ್‌ಮೆಂಟ್ ಪಿಸ್ತೂಲು, ಲೈಸೆನ್ಸ್ ಸಮೇತ’ ಎಂದು ಫೋಟೊ ಹಾಕಿ ಮುಂಗಡ ಕೇಳುವವರ ಮಾತಿನಲ್ಲಿ ಎರಡು ಸುಳ್ಳುಗಳಿರುತ್ತವೆ. ಇಲಾಖೆ ಮಾರುವುದಿಲ್ಲ, ಲೈಸೆನ್ಸ್ ಆಯುಧದ ಜೊತೆ ಬರುವುದಿಲ್ಲ. ಬಹಳ ಸಲ ಹಣ ಹೋಗುತ್ತದೆ, ಪಿಸ್ತೂಲು ಬರುವುದಿಲ್ಲ. ಬಂದರೆ ಇನ್ನೂ ಕೆಟ್ಟದು, ಅದು ನಾಡ ಪಿಸ್ತೂಲೋ ಕದ್ದದ್ದೋ ಆಗಿರುತ್ತದೆ. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬೋರಿನ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ, ನಿಷೇಧಿತ ಬೋರಿನದಾದರೆ 7ರಿಂದ 14 ವರ್ಷ ಜೈಲು. ‘ಪೊಲೀಸರದ್ದು’ ಎಂದು ನಂಬಿ ಕೊಂಡದ್ದು ನಿಜಕ್ಕೂ ಪೊಲೀಸರ ಬೋರಿನದಾಗಿದ್ದರೆ ಕೊಂಡವರು ಈ ಎರಡನೆಯ, ಭಾರವಾದ ಶಿಕ್ಷೆಯ ಸಾಲಿಗೇ ಬರುತ್ತಾರೆ. ಮುಂಗಡ ಕಳಿಸಿ ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಕರೆ ಮಾಡುತ್ತಾರೋ ಖಾತೆಯಲ್ಲಿನ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.