ಮಲೇರಿಯಾ ಲಸಿಕೆ: ಆಕ್ಸ್‌ಫರ್ಡ್, ನಾನೊರೊ ಮತ್ತು ಪುಣೆ

ಮಲೇರಿಯಾ ಎಂದೊಡನೆ ಹೈದರಾಬಾದಿನ ಕನ್ನಡಿಗರಿಗೆ ಸಿಕಂದರಾಬಾದಿನ ರೊನಾಲ್ಡ್ ರಾಸ್ ನೆನಪಾಗುವುದು ಸಹಜ. 1897ರ ಆಗಸ್ಟ್ 20ರಂದು ಅವರು ಅಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆ ಪ್ರಯೋಗಕ್ಕಾಗಿ ಸೊಳ್ಳೆಗಳಿಗೆ ಮೈಯೊಡ್ಡಿದ ಹುಸೇನ್ ಖಾನ್ ಎಂಬ ರೋಗಿಗೆ ದೊರೆತದ್ದು ಸೊಳ್ಳೆಯೊಂದಕ್ಕೆ ಒಂದಾಣೆ. ಸಂಶೋಧಕ ಯುರೋಪಿನವನು, ರೋಗಿ ವಸಾಹತಿನವನು ಎಂಬ ಈ ಏರ್ಪಾಡು ಆಫ್ರಿಕದಲ್ಲಿಯೂ ಬಹುಕಾಲ ನಡೆಯಿತು. ರಕ್ತದ ಮಾದರಿಗಳು ಅಲ್ಲಿಂದ ಹೋಗುತ್ತಿದ್ದವು; ಪ್ರಬಂಧವೂ ಕೀರ್ತಿಯೂ ಹೆಚ್ಚಾಗಿ ಯುರೋಪಿನಲ್ಲಿಯೇ ಉಳಿಯುತ್ತಿದ್ದವು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಮೃತಪಟ್ಟವರು ಸುಮಾರು 5,97,000 ಮಂದಿ. ಇವರಲ್ಲಿ ಶೇಕಡಾ 95ರಷ್ಟು ಆಫ್ರಿಕದವರು. ಅವರಲ್ಲಿಯೂ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. ರೋಗವಿರುವಲ್ಲಿಯೇ ಸಂಶೋಧನೆಯ ಶಕ್ತಿಯೂ ಬೆಳೆಯಬೇಕೆಂಬ ಅರಿವಿನಿಂದ 2003ರಲ್ಲಿ ಇ.ಡಿ.ಸಿ.ಟಿ.ಪಿ. ಎಂಬ ಸಹಭಾಗಿತ್ವ ಸಂಸ್ಥೆಯೊಂದು ಹುಟ್ಟಿತು. ಏಡ್ಸ್, ಕ್ಷಯ, ಮಲೇರಿಯಾಗಳ ಔಷಧ ಮತ್ತು ಲಸಿಕೆಗಳನ್ನು ಆಫ್ರಿಕದಲ್ಲಿ ಪರೀಕ್ಷಿಸಲು ನೆರವು ನೀಡುವುದರ ಜೊತೆಗೆ, ಅಲ್ಲಿನ ವಿಜ್ಞಾನಿಗಳಿಗೆ ಸಂಶೋಧನಾ ವೇತನ ಮತ್ತು ತರಬೇತಿಯನ್ನು ಒದಗಿಸುವುದು ಇದರ ಉದ್ದೇಶ. 2014ರಲ್ಲಿ ಎರಡನೆಯ ಹಂತ ಆರಂಭವಾದಾಗ ಆಫ್ರಿಕದ ರಾಷ್ಟ್ರಗಳೂ ಯುರೋಪಿನ ರಾಷ್ಟ್ರಗಳ ಸರಿಸಮಾನ ಸದಸ್ಯತ್ವ ಪಡೆದವು.

ಇದರ ಫಲವನ್ನು ಬುರ್ಕಿನಾ ಫಾಸೊ ದೇಶದ ನಾನೊರೊ ಎಂಬ ಗ್ರಾಮೀಣ ಪಟ್ಟಣದಲ್ಲಿ ಕಾಣಬಹುದು. ಅಲ್ಲಿನ ಸಂಶೋಧನಾ ಕೇಂದ್ರವನ್ನು ಕಟ್ಟಿದವರು ಅದೇ ದೇಶದ ವಿಜ್ಞಾನಿ ಪ್ರೊ. ಹಾಲಿಡು ಟಿಂಟೊ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆರ್21 ಎಂಬ ಲಸಿಕೆಯನ್ನು ಅವರ ತಂಡ ಇ.ಡಿ.ಸಿ.ಟಿ.ಪಿ. ನೆರವಿನಿಂದ 5ರಿಂದ 17 ತಿಂಗಳ 450 ಮಕ್ಕಳಲ್ಲಿ ಪರೀಕ್ಷಿಸಿತು.

ಸೊಳ್ಳೆ ಕಚ್ಚಿದಾಗ ರಕ್ತಕ್ಕಿಳಿದ ರೋಗಾಣು ಅಲ್ಪಕಾಲದಲ್ಲಿಯೇ ಯಕೃತ್ತನ್ನು ಸೇರಿ ವೃದ್ಧಿಯಾಗುತ್ತದೆ. ರೋಗಾಣುವಿನ ಹೊರಮೈಯ ಪ್ರೋಟೀನಿನ ಭಾಗವೊಂದನ್ನು ಹೆಪಟೈಟಿಸ್-ಬಿ ವೈರಸ್ಸಿನ ಪ್ರೋಟೀನಿಗೆ ಬೆಸೆದು ಈ ಲಸಿಕೆಯನ್ನು ತಯಾರಿಸುತ್ತಾರೆ. ಇದರಿಂದ ದೇಹವು ಶತ್ರುವಿನ ಗುರುತನ್ನು ಮೊದಲೇ ಅರಿತು, ಯಕೃತ್ತನ್ನು ಸೇರುವ ಮುನ್ನವೇ ತಡೆಯಬಲ್ಲದು. ಮಲೇರಿಯಾ ಮಳೆಗಾಲದಲ್ಲಿ ಉಲ್ಬಣಿಸುವ ಆ ಪ್ರದೇಶದಲ್ಲಿ ಮಳೆಗೆ ಮೊದಲೇ ಮೂರು ಚುಚ್ಚುಮದ್ದು, ವರ್ಷದ ಬಳಿಕ ನಾಲ್ಕನೆಯದು ಎಂದು ನಿಗದಿಪಡಿಸಲಾಯಿತು. ಹೋಲಿಕೆಯ ಗುಂಪಿನ ಮಕ್ಕಳಿಗೂ ಬರಿಯ ನೀರನ್ನು ಚುಚ್ಚಲಿಲ್ಲ; ರೇಬೀಸ್ ಲಸಿಕೆ ನೀಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚಿನ ಪ್ರಮಾಣದ ಸಹಾಯಕ ದ್ರವ್ಯದೊಡನೆ ಲಸಿಕೆ ಪಡೆದ ಮಕ್ಕಳಲ್ಲಿ ಒಂದು ವರ್ಷದ ರಕ್ಷಣೆ ಶೇಕಡಾ 77. ಬಳಿಕ ಬುರ್ಕಿನಾ ಫಾಸೊ, ಮಾಲಿ, ಕೆನ್ಯಾ, ತಾಂಜಾನಿಯಾಗಳ ಸುಮಾರು 4,800 ಮಕ್ಕಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು.

ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿರುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. 2023ರ ಏಪ್ರಿಲ್‌ನಲ್ಲಿ ಘಾನಾ ಮೊದಲು ಅನುಮತಿ ನೀಡಿತು. ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. 2024ರ ಜುಲೈನಲ್ಲಿ ಐವರಿ ಕೋಸ್ಟ್ ಹಾಗೂ ದಕ್ಷಿಣ ಸುಡಾನ್‌ನ ಮಕ್ಕಳಿಗೆ ಲಸಿಕೆ ನೀಡುವ ಕಾರ್ಯ ಆರಂಭವಾಯಿತು.

ಕೊರತೆಗಳಿಲ್ಲವೆಂದಲ್ಲ. ಲಸಿಕೆಯ ಶಕ್ತಿ ಕಾಲಕ್ರಮದಲ್ಲಿ ಕುಗ್ಗುತ್ತದೆ; ಸೊಳ್ಳೆಪರದೆ, ಔಷಧಗಳನ್ನು ಕೈಬಿಡುವಂತಿಲ್ಲ. ಸಂಶೋಧನೆಯ ಹಣಕ್ಕಾಗಿ ಆಫ್ರಿಕ ಇನ್ನೂ ಬಹುಮಟ್ಟಿಗೆ ಹೊರಗಿನವರನ್ನು ಅವಲಂಬಿಸಿದೆ. ಹಣ ನಿಂತರೆ, ವರ್ಷಗಟ್ಟಲೆ ತರಬೇತಿ ಪಡೆದ ತಂಡಗಳು ಚದುರಿಹೋಗುವ ಅಪಾಯವಿದೆ. ತನಗೆ ಬೇಕಾದ ಲಸಿಕೆಗಳಲ್ಲಿ ಶೇಕಡಾ 60ರಷ್ಟನ್ನು 2040ರ ವೇಳೆಗೆ ಆಫ್ರಿಕದಲ್ಲಿಯೇ ತಯಾರಿಸಬೇಕೆಂದು ಆಫ್ರಿಕ ಒಕ್ಕೂಟ 2021ರಲ್ಲಿ ಗುರಿಯಿಟ್ಟುಕೊಂಡಿರುವುದು ಈ ಪರಾವಲಂಬನೆಯನ್ನು ಅರಿತೇ.

ಆದರೂ ಸಿಕಂದರಾಬಾದಿನಿಂದ ನಾನೊರೊವರೆಗಿನ ದಾರಿ ಸಣ್ಣದಲ್ಲ. ಅಂದು ರೋಗಪೀಡಿತ ನಾಡಿನವನ ಪಾಲಿಗೆ ಬಂದದ್ದು ಒಂದಾಣೆಯ ಕೂಲಿ. ಇಂದು ಅಂಥದೇ ನಾಡಿನ ವಿಜ್ಞಾನಿ ಪರೀಕ್ಷೆಯ ನೇತೃತ್ವ ವಹಿಸಿದ್ದಾನೆ. ತನ್ನ ಊರಿನ ಮಕ್ಕಳಿಗೆ ಯಾವುದು ಹಿತವೆಂದು ನಿರ್ಣಯಿಸುವಲ್ಲಿ ಅವನ ಮಾತಿಗೂ ತೂಕವಿದೆ.